ಕತ್ತೆಕಿರುಬದ ಮುಖದವನು ‘ವ್ಯಕ್ತಿ’ಯೇ?

ಶನಿವಾರ ರಾತ್ರಿ ಊಟವಾದ ಮೇಲೆ ಹಾಸ್ಟೆಲಿನ ನನ್ನ ಕೋಣೆಯಲ್ಲಿ ನಾವು ಐದು ಜನ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡಲು ಕೂರುತ್ತೇವೆ. ಈ ಆಟವನ್ನು ನೋಡದವರಿಗೆ ಒಂದೆರಡು ಮಾತು. ಒಬ್ಬ ಕಥೆ ಹೇಳುತ್ತಾ ಹೋಗುತ್ತಾನೆ. ಅವನನ್ನು ಡಂಜನ್ ಮಾಸ್ಟರ್ ಎನ್ನುತ್ತಾರೆ. ಉಳಿದವರು ಒಬ್ಬೊಬ್ಬರೂ ಆ ಕಥೆಯೊಳಗಿನ ಒಂದೊಂದು ಪಾತ್ರ: ಕತ್ತಿವೀರ, ಕಳ್ಳ, ಮಾಂತ್ರಿಕ. ‘ನಾನು ಈ ಬಾಗಿಲು ಒಡೀತೀನಿ’ ಎಂದರೆ ಸಾಲದು, ದಾಳ ಉರುಳಿಸಬೇಕು. ಬಾಗಿಲು ಒಡೆಯಿತೋ ಇಲ್ಲವೋ ಎಂಬುದನ್ನು ನಿಯಮ ಮತ್ತು ದಾಳ ಸೇರಿ ತೀರ್ಮಾನಿಸುತ್ತವೆ. ಪುಸ್ತಕಗಳು ಇಂಗ್ಲಿಷಿನವು, ನಮ್ಮ ಆಟ ಕನ್ನಡದ್ದು.

ಕಳೆದ ತಿಂಗಳು ಹಾಳು ಕೋಟೆಯೊಂದರ ನೆಲಮಾಳಿಗೆಯಲ್ಲಿ ನೋಲ್ ಒಂದು ನಮಗೆ ಎದುರಾಯಿತು. ನೋಲ್ ಎಂದರೆ ಮನುಷ್ಯನಿಗಿಂತ ಎತ್ತರದ, ಎರಡು ಕಾಲಿನ ಮೇಲೆ ನಡೆಯುವ, ಕತ್ತೆಕಿರುಬದ ತಲೆಯ ಜೀವಿ. ಕೈಯಲ್ಲಿ ಆಯುಧ. ಮಾಂತ್ರಿಕಳ ಪಾತ್ರದಲ್ಲಿದ್ದ ಗೆಳತಿ ಹೊಡೆದಾಟ ಬೇಡವೆಂದು ‘ಚಾರ್ಮ್ ಪರ್ಸನ್’ ಮಂತ್ರ ಹಾಕಿದಳು. ನಮ್ಮ ಮಾತಿನಲ್ಲಿ ವಶೀಕರಣ. ಅದು ತಗುಲಿದವರು ಸ್ವಲ್ಪ ಹೊತ್ತು ನಮ್ಮನ್ನು ಸ್ನೇಹಿತರೆಂದು ನಂಬುತ್ತಾರೆ. ಡಂಜನ್ ಮಾಸ್ಟರ್ 2025ರ ‘ಮಾನ್‌ಸ್ಟರ್ ಮ್ಯಾನುಯಲ್’ ತಿರುವಿ ನೋಡಿ, ‘ನಡೆಯಲ್ಲ, ಇದು ಪರ್ಸನ್ ಅಲ್ಲ’ ಎಂದ. ಅವಳು 1978ರ ಹಳೆಯ ನಿಯಮಪುಸ್ತಕ ತೆಗೆದು, ‘ಇಲ್ಲಿ ನೋಡು, ನೋಲ್ ಅಂತ ಹೆಸರು ಹಾಕೇ ಬರೆದಿದಾರೆ, ನಡೆಯತ್ತೆ’ ಎಂದಳು. ತಮ್ಮ ತಮ್ಮ ಪುಸ್ತಕದ ಪ್ರಕಾರ ಇಬ್ಬರೂ ಸರಿ. ಆಟ ನಿಂತು ಅರ್ಧ ಗಂಟೆ ಜಗಳವೇ ನಡೆಯಿತು.

ಜಗಳದ ನಡುವೆ ನನ್ನ ಕಿವಿಗೆ ಬಿದ್ದದ್ದು ಬೇರೆ. ಅವನು ‘ನೋಲ್ ಬಂತು, ಅದರ ಕೈಯಲ್ಲಿ ಕೊಡಲಿ ಇದೆ’ ಎನ್ನುತ್ತಿದ್ದ. ಅವಳು ‘ಬಂದ, ಅವನ ಕೈಯಲ್ಲಿ’ ಎನ್ನುತ್ತಿದ್ದಳು. ಇಂಗ್ಲಿಷಿನಲ್ಲಿ ಕ್ರಿಯಾಪದ ಈ ಗುಟ್ಟು ಬಿಟ್ಟುಕೊಡುವುದಿಲ್ಲ. ಕನ್ನಡದಲ್ಲಿ ಎದುರಿಗಿರುವುದು ಯಾರು ಎಂದು ತೀರ್ಮಾನಿಸದೆ ವಾಕ್ಯವನ್ನೇ ಮುಗಿಸಲಾಗದು. ನಾವು ‘ರಾಕ್ಷಸ ಬಂದ’ ಎನ್ನುತ್ತೇವೆ, ‘ದೆವ್ವ ಬಂತು’ ಎನ್ನುತ್ತೇವೆ. ನಮ್ಮ ವ್ಯಾಕರಣ ಅಷ್ಟರಮಟ್ಟಿಗೆ ವರ್ಗೀಕರಣ ಮುಗಿಸಿಯೇ ಮಾತಿಗಿಳಿಯುತ್ತದೆ.

ನನ್ನ ಸಂಶೋಧನೆಯ ವಿಷಯ ಜೈನ ರಾಮಾಯಣಗಳ ರಾಕ್ಷಸರು. ಹಾಗಾಗಿ ಈ ಜಗಳ ಅಲ್ಲಿಗೇ ಬಿಡಲಿಲ್ಲ. ನೋಲ್ ಯಾವಾಗ ವ್ಯಕ್ತಿಯಾಗಿದ್ದ, ಯಾವಾಗ ಅಲ್ಲವಾದ? ಈ ಐವತ್ತು ವರ್ಷಗಳ ಕತೆಯನ್ನು ಹುಡುಕುತ್ತಾ ಹೋದೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಈ ಆಟವನ್ನು ಹೊರತಂದರು. ಒಂದು ಪೆಟ್ಟಿಗೆ, ಒಳಗೆ ಮೂರು ತೆಳು ಪುಸ್ತಿಕೆ, ಮೊದಲ ಮುದ್ರಣ 1000 ಪ್ರತಿ. ಎರಡನೇ ಪುಸ್ತಿಕೆಯ ಹೆಸರು ‘ಮಾನ್‌ಸ್ಟರ್ಸ್ ಅಂಡ್ ಟ್ರೆಷರ್’. ಅದರಲ್ಲಿ ಮಾನ್‌ಸ್ಟರ್‌ಗಳ ವಿವರಣೆ ಶುರುವಾಗುವುದೇ ಮನುಷ್ಯರಿಂದ: ಡಕಾಯಿತರು, ಕಡಲ್ಗಳ್ಳರು, ಅಲೆಮಾರಿಗಳು, ಗುಹಾವಾಸಿಗಳು. ಅಂದರೆ ಮೊದಲಿಗೆ ‘ಮಾನ್‌ಸ್ಟರ್’ ಎಂಬುದು ಒಂದು ಜಾತಿಯ ಹೆಸರಾಗಿರಲಿಲ್ಲ. ಆಟಗಾರರ ಎದುರು ನಿಲ್ಲುವವರೆಲ್ಲ ಮಾನ್‌ಸ್ಟರ್‌ಗಳೇ. ಅದು ಮೇಜಿನ ಆಚೆ ಬದಿಯ ಹೆಸರು.

ಆಚೆ ಬದಿಯಲ್ಲಿ ಮನುಷ್ಯನಂತೆ ಎರಡು ಕೈ ಎರಡು ಕಾಲು ಇದ್ದವರ ಸಾಲೇ ಇತ್ತು: ಕೋಬೋಲ್ಡ್, ಗಾಬ್ಲಿನ್, ಓರ್ಕ್, ಹಾಬ್‌ಗಾಬ್ಲಿನ್, ನೋಲ್, ಓಗರ್, ಟ್ರೋಲ್. ಯುರೋಪಿನ ಜನಪದದಲ್ಲಿ ಗಾಬ್ಲಿನ್, ಹಾಬ್‌ಗಾಬ್ಲಿನ್, ಕೋಬೋಲ್ಡ್‌ಗಳ ನಡುವೆ ಇಂಥ ಗಟ್ಟಿ ಗೆರೆಗಳಿಲ್ಲ. ಒಂದು ಊರಿನ ಕೀಟಲೆಯ ಮನೆದೆವ್ವ ಇನ್ನೊಂದು ಊರಿನಲ್ಲಿ ಇನ್ನೊಂದು ಹೆಸರು ಪಡೆಯುತ್ತದೆ, ಅಷ್ಟೆ. ಗೈಗ್ಯಾಕ್ಸ್ 1971ರಲ್ಲಿ ಜೆಫ್ ಪೆರೆನ್ ಜೊತೆ ಪ್ರಕಟಿಸಿದ ‘ಚೈನ್‌ಮೇಲ್’ ಎಂಬ ಯುದ್ಧದಾಟದಲ್ಲಿ ಗಾಬ್ಲಿನ್ ಮತ್ತು ಕೋಬೋಲ್ಡ್ ಒಂದೇ ಶೀರ್ಷಿಕೆಯಡಿ ಇದ್ದರು. 1974ರಲ್ಲಿ ಅವರನ್ನು ಬೇರೆ ಮಾಡಿದ್ದು ಜಾನಪದ ಸಂಶೋಧನೆ ಅಲ್ಲ, ಆಟದ ಅಗತ್ಯ. ಆಟಗಾರನ ಬಲ ಹಂತಹಂತವಾಗಿ ಏರುತ್ತದೆ. ಪ್ರತಿ ಹಂತಕ್ಕೂ ತಕ್ಕ ಎದುರಾಳಿ ಬೇಕು. ಶತ್ರುವಿನ ಬಲವನ್ನು ಅಳೆಯುವ ಮಾನ ‘ಹಿಟ್ ಡೈಸ್’. ಕೋಬೋಲ್ಡ್‌ಗೆ ಅರ್ಧ ದಾಳ, ಓರ್ಕ್‌ಗೆ ಒಂದು, ನೋಲ್‌ಗೆ ಎರಡು, ಓಗರ್‌ಗೆ ನಾಲ್ಕರ ಮೇಲೊಂದು, ಟ್ರೋಲ್‌ಗೆ ಆರರ ಮೇಲೆ ಮೂರು. ಜನಪದದ ಪರ್ಯಾಯ ಪದಗಳು ಹೀಗೆ ಏಣಿಯ ಮೆಟ್ಟಿಲುಗಳಾದವು. ಮೆಟ್ಟಿಲಿಗೊಂದು ಜೀವಿ, ಜೀವಿಗೊಂದು ಜಾತಿ. ನೋಲ್‌ಗೆ ಆಗ ಕತ್ತೆಕಿರುಬದ ಮುಖವೂ ಇರಲಿಲ್ಲ. ನೋಮ್ ಎಂಬ ಕುಳ್ಳರು ಮತ್ತು ಟ್ರೋಲ್‌ಗಳ ಬೆರಕೆ ಎಂದಷ್ಟೇ ಪುಸ್ತಿಕೆ ಹೇಳಿತ್ತು. ಮುಖ ಬಂದದ್ದು 1977ರಲ್ಲಿ.

ಇಷ್ಟರ ನಡುವೆ ‘ವ್ಯಕ್ತಿ’ ಎಂದರೆ ಯಾರು ಎಂಬ ಪ್ರಶ್ನೆ ಬಂದದ್ದು ವಶೀಕರಣ ಮಂತ್ರದ ಮೂಲಕ. ಚಾರ್ಮ್ ಪರ್ಸನ್ ಎಂಬ ಮಂತ್ರವಿದ್ದ ಮೇಲೆ ಅದು ಯಾರಿಗೆ ತಾಗುತ್ತದೆ ಎಂದು ಹೇಳಲೇಬೇಕು. 1974ರ ಉತ್ತರ ಹೀಗಿತ್ತು: ಎರಡು ಕಾಲಿನವರು, ಹೆಚ್ಚುಕಡಿಮೆ ಸಸ್ತನಿಗಳು, ಗಾತ್ರದಲ್ಲಿ ಮನುಷ್ಯನ ಆಸುಪಾಸಿನವರು ಅಥವಾ ಚಿಕ್ಕವರು, ಸತ್ತೂ ತಿರುಗಾಡುವ ಪ್ರೇತಗಳು ಮಾತ್ರ ಇಲ್ಲ. ಅನುಮಾನ ಉಳಿಯದಿರಲೆಂದು ಎಂಟು ಹೆಸರನ್ನೂ ಕೊಟ್ಟರು: ಸ್ಪ್ರೈಟ್, ಪಿಕ್ಸಿ, ನಿಕ್ಸಿ, ಕೋಬೋಲ್ಡ್, ಗಾಬ್ಲಿನ್, ಓರ್ಕ್, ಹಾಬ್‌ಗಾಬ್ಲಿನ್, ನೋಲ್. ಈ ಪಟ್ಟಿಯಲ್ಲಿ ಆತ್ಮ, ಬುದ್ಧಿ, ಭಾಷೆ ಯಾವುದರ ಮಾತೂ ಇಲ್ಲ. ಇರುವುದು ಕಾಲಿನ ಲೆಕ್ಕ ಮತ್ತು ಎತ್ತರ. ಒರಟು ಅಳತೆ ನಿಜ, ಆದರೆ ಉದಾರವಾದ ಅಳತೆ.

1977ರಿಂದ 1979ರ ನಡುವೆ ಈ ಆಟದ ದೊಡ್ಡ ಆವೃತ್ತಿ ಮೂರು ದಪ್ಪ ಪುಸ್ತಕಗಳಾಗಿ ಬಂತು. ಮೊದಲನೆಯದು 350ಕ್ಕೂ ಹೆಚ್ಚು ಜೀವಿಗಳ ‘ಮಾನ್‌ಸ್ಟರ್ ಮ್ಯಾನುಯಲ್’. ಪ್ರತಿ ಜೀವಿಗೂ ಒಂದೇ ನಮೂನೆಯ ಅರ್ಜಿ ಫಾರಂ: ಎಷ್ಟು ಮಂದಿ ಸಿಗುತ್ತಾರೆ, ರಕ್ಷಾಕವಚ ಎಷ್ಟು, ಗೂಡಿನಲ್ಲಿ ಸಿಗುವ ಸಾಧ್ಯತೆ ಶೇಕಡ ಎಷ್ಟು, ನಿಧಿ ಯಾವ ಬಗೆಯದು, ಬುದ್ಧಿಮಟ್ಟ, ಧರ್ಮಾಧರ್ಮದ ಒಲವು. ಜನಗಣತಿಯ ನಮೂನೆಯನ್ನು ನೋಡಿದಂತಾಗುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಗಣತಿದಾರ ಕತ್ತಿ ಹಿಡಿದು ಬರುತ್ತಾನೆ. 1974ರಲ್ಲಿ ಓರ್ಕ್‌ಗಳು ತಟಸ್ಥರ ಪಟ್ಟಿಯಲ್ಲೂ ಕೇಡಿಗರ ಪಟ್ಟಿಯಲ್ಲೂ ಇದ್ದರು, ಅಂದರೆ ಯಾವ ಕಡೆಗಾದರೂ ವಾಲಬಹುದಿತ್ತು. ಈಗ ಇಡೀ ಕುಲಕ್ಕೆ ‘ದುಷ್ಟ’ ಎಂಬ ಒಂದೇ ಮೊಹರು ಬಿತ್ತು.

ಇದೇ ಕಾಲಕ್ಕೆ ಮನುಷ್ಯರಂಥವರು ಎರಡು ಪಂಕ್ತಿಗಳಾಗಿ ಕುಳಿತರು. ಎಲ್ಫ್, ಡ್ವಾರ್ಫ್, ಹಾಫ್‌ಲಿಂಗ್‌ಗಳು ‘ಡೆಮಿಹ್ಯೂಮನ್’. ಇವರ ಪಾತ್ರವನ್ನು ಆಟಗಾರರು ವಹಿಸಬಹುದು. ಓರ್ಕ್, ಗಾಬ್ಲಿನ್, ನೋಲ್‌ಗಳು ‘ಹ್ಯೂಮನಾಯ್ಡ್’, ಇವರನ್ನು ಕೊಲ್ಲಬಹುದು. ಎರಡೂ ಪದಗಳ ಅರ್ಥ ಸರಿಸುಮಾರು ‘ಮನುಷ್ಯನಂಥ’ ಎಂದೇ. ಗೆರೆ ಬಿದ್ದದ್ದು ದೇಹದ ಮೇಲಲ್ಲ, ಪಕ್ಷದ ಮೇಲೆ.

ಆ ಗೆರೆಗಳು ಒಂದಕ್ಕೊಂದು ಹೊಂದುತ್ತಲೂ ಇರಲಿಲ್ಲ. 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ನಲ್ಲಿ ರೇಂಜರ್ ಎಂಬ ಕಾಡುವೀರನಿಗೆ ‘ದೈತ್ಯ ವರ್ಗ’ದವರ ವಿರುದ್ಧ ಹೆಚ್ಚಿನ ಹೊಡೆತದ ಸೌಲಭ್ಯವಿದೆ. ದೈತ್ಯರು ಯಾರೆಂದು ನೋಡಿದರೆ ಓಗರ್, ಟ್ರೋಲ್ ಜೊತೆಗೆ ಗಾಬ್ಲಿನ್ ಇದೆ, ನೋಲ್ ಇದೆ, ಮೂರಡಿ ಎತ್ತರದ ಕೋಬೋಲ್ಡ್ ಕೂಡ ಇದೆ! ಅದೇ ಪುಸ್ತಕದ ವಶೀಕರಣ ಪಟ್ಟಿಯಲ್ಲಿ ನೋಲ್, ಕೋಬೋಲ್ಡ್ ಇಬ್ಬರೂ ‘ವ್ಯಕ್ತಿ’ಗಳು. ಸತ್ತವರನ್ನು ಬದುಕಿಸುವ ಮಂತ್ರವೊಂದಿದೆ. ಅದು ಮನುಷ್ಯನಿಗೆ, ಡ್ವಾರ್ಫ್‌ಗೆ ನಡೆಯುತ್ತದೆ, ಆಟಗಾರರ ಪಂಕ್ತಿಯಲ್ಲೇ ಕುಳಿತ ಎಲ್ಫ್‌ಗೆ ನಡೆಯದು. ಅಂದರೆ ಆಟದಲ್ಲಿ ‘ಮನುಷ್ಯತ್ವ’ದ ಒಂದು ವ್ಯಾಖ್ಯೆ ಇರಲೇ ಇಲ್ಲ. ಮರುಳು ಮಾಡಲು ಒಂದು, ಹೊಡೆಯಲು ಇನ್ನೊಂದು, ಬದುಕಿಸಲು ಮತ್ತೊಂದು. ಕೆಲಸಕ್ಕೆ ತಕ್ಕ ಪಟ್ಟಿ.

ಇಲ್ಲಿಯವರೆಗೆ ತಮಾಷೆಯಾಗಿ ಓದಬಹುದು. 1979ರ ‘ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್’ ತೆರೆದಾಗ ನನಗೆ ಹಾಗೆನಿಸಲಿಲ್ಲ. ಹೊಸ ಆಟಗಾರರಿಗೆಂದು ಗೈಗ್ಯಾಕ್ಸ್ ಬರೆದ, ಅಪಾರ ಜನ ಆಡಿದ ಕಥಾವಸ್ತು ಅದು. ಗಡಿನಾಡಿನ ಒಂದು ಕೋಟೆ, ಅದರಾಚೆ ಕಣಿವೆಯಲ್ಲಿ ಗುಹೆಗಳು, ಗುಹೆಗೊಂದು ಕುಲ. ಗುಹೆಗಳ ವಿವರದಲ್ಲಿ ಗಂಡಾಳುಗಳ ಲೆಕ್ಕದ ಜೊತೆಗೆ ಹೆಂಗಸರು ಎಷ್ಟು, ಮರಿಗಳು ಎಷ್ಟು, ಅವರು ಕಾದಾಡುವುದಿಲ್ಲ ಎಂದೂ ಬರೆದಿದೆ. ಅವರನ್ನು ಏನು ಮಾಡಬೇಕು ಎಂಬುದು ಮೇಜಿನ ಸುತ್ತ ಕುಳಿತವರಿಗೆ ಬಿಟ್ಟದ್ದು. ‘ಓರ್ಕ್ ಮರಿಯ ಪ್ರಶ್ನೆ’ ಎಂದು ಈ ಆಟದ ವಲಯದಲ್ಲಿ ಇಂದಿಗೂ ಚರ್ಚೆಯಾಗುವ ಇಕ್ಕಟ್ಟು ಇಂಥ ಗುಹೆಗಳದ್ದು.

2005ರಲ್ಲಿ ಅಭಿಮಾನಿಗಳು ಗೈಗ್ಯಾಕ್ಸ್‌ಗೆ ಇದೇ ಧಾಟಿಯ ಪ್ರಶ್ನೆ ಕೇಳಿದರು: ಶರಣಾದ ದುಷ್ಟ ಕುಲದವರನ್ನು ಧರ್ಮವೀರನೊಬ್ಬ ಕೊಲ್ಲಬಹುದೇ? ಕೊಲ್ಲಬಹುದು ಎಂಬುದು ಅವರ ನಿಲುವು. ಸಮರ್ಥನೆಗೆ ಅವರು ಬಳಸಿದ್ದು ಸೀರು ಬೆಳೆದರೆ ಹೇನೇ ಆಗುತ್ತದೆ ಎಂಬರ್ಥದ ಹಳೆಯ ಮಾತನ್ನು. ಆ ಮಾತಿನ ಜೊತೆ ಅಂಟಿಕೊಂಡಿರುವ ಹೆಸರು ಕರ್ನಲ್ ಜಾನ್ ಚಿವಿಂಗ್ಟನ್‌ನದು. 1864ರ ನವೆಂಬರ್ 29ರಂದು ಕೊಲರಾಡೋದ ಸ್ಯಾಂಡ್ ಕ್ರೀಕ್‌ನಲ್ಲಿ ಶಾಯೆನ್ ಮತ್ತು ಅರಪಹೋ ಮೂಲನಿವಾಸಿಗಳ ಬಿಡಾರದ ಮೇಲೆ ಎರಗಿದ ಪಡೆಯ ನಾಯಕ ಅವನು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಗೈಗ್ಯಾಕ್ಸ್ ಆ ಹೆಸರನ್ನೂ ಗೊತ್ತಿದ್ದೇ ಎತ್ತಿದ್ದರು. ಗಡಿಯಾಚೆಯ ಗುಹೆ, ಅಲ್ಲೊಂದು ಕುಲ, ಅದರ ಮರಿಗಳು. ಆಟದ ಈ ನಕ್ಷೆ ಯಾವ ನೆಲದಿಂದ ಬಂದಿರಬಹುದೆಂಬುದಕ್ಕೆ ಬೇರೆ ಟೀಕೆ ಬೇಕಿಲ್ಲ.

ಹಾಗೆಂದು ಪ್ರಾಣಿಮುಖದವರನ್ನು ಕಂಡವರೆಲ್ಲ ಹೀಗೇ ಯೋಚಿಸಿದರು ಎನ್ನುವಂತಿಲ್ಲ. ಒಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಕಾರ್ಬಿ ಮಠದ ರಾಟ್ರಾಮ್ನಸ್ ಎಂಬ ಸನ್ಯಾಸಿಗೆ, ಉತ್ತರದ ನಾಡುಗಳಲ್ಲಿ ಧರ್ಮಪ್ರಚಾರದಲ್ಲಿದ್ದ ರಿಂಬರ್ಟ್ ಒಂದು ಪ್ರಶ್ನೆ ಕಳಿಸಿದ್ದ: ನಾಯಿಯ ತಲೆಯವರು ಇದ್ದಾರೆಂಬ ಸುದ್ದಿಯಿದೆ, ಅವರನ್ನು ಆದಮನ ಮಕ್ಕಳೆನ್ನಬೇಕೋ ಪ್ರಾಣಿಗಳೆನ್ನಬೇಕೋ? ರಾಟ್ರಾಮ್ನಸ್ ತಲೆಯನ್ನು ಬಿಟ್ಟು ಬದುಕನ್ನು ನೋಡಿದ. ಅವರು ಊರು ಕಟ್ಟಿ ಬಾಳುತ್ತಾರೆ, ಉಳುತ್ತಾರೆ, ಸಾಕುಪ್ರಾಣಿಗಳಿವೆ, ನಾಚಿಕೆಯಿಂದ ಮೈಮುಚ್ಚಿಕೊಳ್ಳುತ್ತಾರೆ. ಇದು ವಿವೇಕದ ಗುರುತು, ಆದ್ದರಿಂದ ಮನುಷ್ಯರೆನ್ನಬೇಕು ಎಂಬುದು ಅವನ ತೀರ್ಮಾನ. ಸಂತ ಆಗಸ್ಟೀನ್ ಕೂಡ ಆಕಾರ ಎಂಥದೇ ಇರಲಿ, ವಿವೇಕವಿರುವ ಮರ್ತ್ಯನು ಮನುಷ್ಯನೇ ಎಂದು ಅದಕ್ಕೂ ಮೊದಲೇ ವಾದಿಸಿದ್ದ. ಸಾವಿರ ವರ್ಷದ ಹಿಂದಿನ ಮಠದಲ್ಲಿ ನಮ್ಮ ನೋಲ್‌ಗೆ ಜಾಗವಿತ್ತು.

ಆಟಗಳ ಲೋಕದಲ್ಲೂ ಬೇರೆ ದಾರಿ ಇತ್ತು. 1976ರಲ್ಲೇ ಕೆನ್ ಸೇಂಟ್ ಆಂಡ್ರೆ ಅವರ ‘ಮಾನ್‌ಸ್ಟರ್ಸ್! ಮಾನ್‌ಸ್ಟರ್ಸ್!’ ಆಟದಲ್ಲಿ ಆಟಗಾರರೇ ಮಾನ್‌ಸ್ಟರ್‌ಗಳಾದರು. 1978ರ ‘ರೂನ್‌ಕ್ವೆಸ್ಟ್’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಶಕ್ತಿ, ಬುದ್ಧಿ, ಚುರುಕುತನ ಮುಂತಾದ ಆರು ಗುಣಗಳ ಅಂಕಿ ಆಟಗಾರರ ಪಾತ್ರಗಳಿಗೆ ಮಾತ್ರ. ರೂನ್‌ಕ್ವೆಸ್ಟ್ ಟ್ರೋಲ್‌ಗೂ ಮನುಷ್ಯನಿಗೂ ಒಂದೇ ಬಗೆಯ ಅಂಕಿ ಕೊಟ್ಟಿತು. ಅಂಕಿ ಒಂದೇ ಆದಾಗ ಯಾರ ಪಾತ್ರವನ್ನಾದರೂ ವಹಿಸಬಹುದು. 1982ರಲ್ಲಿ ಟ್ರೋಲ್‌ಗಳ ಇತಿಹಾಸ, ದೇವತೆಗಳು, ಊಟೋಪಚಾರಗಳನ್ನೇ ವಿವರಿಸುವ ‘ಟ್ರೋಲ್‌ಪ್ಯಾಕ್’ ಬಂತು. ಒಂದು ಫಾರಂನ ಕಾಲಂ ಬದಲಾದರೆ ಎದುರಿನವನ ಮುಖ ಎಷ್ಟು ಬದಲಾಗಬಹುದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆ ಹೆಜ್ಜೆ ಇಟ್ಟದ್ದು 2000ದಲ್ಲಿ. ಕಂಪನಿಯ ಒಡೆತನ 1997ರಲ್ಲೇ ವಿಜರ್ಡ್ಸ್ ಆಫ್ ದಿ ಕೋಸ್ಟ್‌ಗೆ ಹೋಗಿತ್ತು. ಮೂರನೆಯ ಆವೃತ್ತಿಯಲ್ಲಿ ಎಲ್ಲ ಜೀವಿಗಳಿಗೂ ಆರು ಗುಣಗಳ ಅಂಕಿ ಬಂದವು, ಎಲ್ಲರಿಗೂ ಒಂದೊಂದು ‘ಟೈಪ್’ ಬಂತು. ಹೆಸರುಗಳ ಉದ್ದ ಪಟ್ಟಿ ಹೋಗಿ, ಚಾರ್ಮ್ ಪರ್ಸನ್ ‘ಹ್ಯೂಮನಾಯ್ಡ್’ ಟೈಪಿನವರಿಗೆ ಮಾತ್ರ ಎಂಬ ಒಂದು ಸಾಲಿನ ನಿಯಮವಾಯಿತು. ಎಲ್ಫ್, ಓರ್ಕ್, ಮನುಷ್ಯ, ನೋಲ್ ಎಲ್ಲರೂ ಈಗ ಹ್ಯೂಮನಾಯ್ಡ್. ಹಳೆಯ ಎರಡು ಪಂಕ್ತಿಗಳು ಒಂದಾದವು. ಆದರೆ ಪಕ್ಕದಲ್ಲೇ ‘ಮಾನ್‌ಸ್ಟ್ರಸ್ ಹ್ಯೂಮನಾಯ್ಡ್’ ಎಂಬ ಹೊಸ ಕೋಣೆ ತೆರೆಯಿತು. ಗೂಳಿತಲೆಯ ಮಿನೊಟಾರ್, ಹಾವುಗೂದಲಿನ ಮೆಡೂಸಾ ಅಲ್ಲಿಗೆ ಹೋದರು. ಪಿಕ್ಸಿ, ನಿಕ್ಸಿಗಳು ‘ಫೇ’ ಎಂಬ ಕಿನ್ನರಲೋಕದ ಕೋಣೆಗೆ. ಅವರಾರಿಗೂ ವಶೀಕರಣ ತಾಗದು.

ಮುಂದಿನ ತಿರುವು ಓರ್ಕ್‌ನದು. ಒಂದು ಕುಲವೇ ಹುಟ್ಟಾ ದಡ್ಡ, ಹುಟ್ಟಾ ದುಷ್ಟ ಎನ್ನುವುದು ನಿಜಲೋಕದ ಜನಾಂಗೀಯ ಕಟ್ಟುಕತೆಗಳ ನೆರಳೇ ಎಂಬ ಟೀಕೆ ಬಹುಕಾಲದಿಂದ ಇತ್ತು. 2016ರ ಪುಸ್ತಕವೊಂದರಲ್ಲಿ ಓರ್ಕ್ ಪಾತ್ರಕ್ಕೆ ಬುದ್ಧಿಯಲ್ಲಿ ಎರಡು ಅಂಕ ಕಡಿತವಿತ್ತು. 2020ರಲ್ಲಿ ಅದನ್ನು ತೆಗೆದರು. 2022ರ ಡಿಸೆಂಬರಿನಲ್ಲಿ ಕಂಪನಿ ‘ರೇಸ್’ ಪದವನ್ನೇ ಕೈಬಿಟ್ಟು ‘ಸ್ಪೀಷೀಸ್’ ಬಳಸುವುದಾಗಿ ಘೋಷಿಸಿತು. 2024ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ನ ಹತ್ತು ಕುಲಗಳಲ್ಲಿ ಓರ್ಕ್ ಒಂದು. 2025ರ ಮಾನ್‌ಸ್ಟರ್ ಮ್ಯಾನುಯಲ್‌ನಲ್ಲಿ ಓರ್ಕ್‌ಗೆ ಸ್ವಂತ ಪುಟವೇ ಇಲ್ಲ. ಓರ್ಕ್ ಕಾವಲುಗಾರ ಬೇಕೆಂದರೆ ಕಾವಲುಗಾರನ ಸಾಮಾನ್ಯ ಪುಟವನ್ನೇ ಬಳಸಿಕೊಳ್ಳಬೇಕು. ಐವತ್ತು ವರ್ಷಗಳ ಬಳಿಕ ಓರ್ಕ್ ಆ ಪುಸ್ತಕದಿಂದ ಬಿಡುಗಡೆ ಪಡೆದ.

ಅದೇ ಪುಸ್ತಕದಲ್ಲಿ ಉಳಿದವರ ಗತಿ ನೋಡಿ. ಗಾಬ್ಲಿನ್, ಹಾಬ್‌ಗಾಬ್ಲಿನ್‌ಗಳು ಫೇ ಆದರು, ಕೋಬೋಲ್ಡ್ ಡ್ರ್ಯಾಗನ್ ಆಯಿತು, ನೋಲ್ ‘ಫೀಂಡ್’, ಅಂದರೆ ನರಕಲೋಕದ ಪಿಶಾಚವರ್ಗಕ್ಕೆ ಹೋಯಿತು. 1974ರಲ್ಲಿ ‘ವ್ಯಕ್ತಿ’ ಎಂದು ಹೆಸರು ಹಾಕಿ ಬರೆದ ಎಂಟರಲ್ಲಿ ಇಂದು ಆ ಅರ್ಥದಲ್ಲಿ ಉಳಿದಿರುವುದು ಓರ್ಕ್ ಒಂದೇ.

ಈ ಬದಲಾವಣೆಯನ್ನು ಸಮರ್ಥಿಸುವವರ ವಾದದಲ್ಲಿ ಹುರುಳಿದೆ. ಕೊಲ್ಲಲು ಶತ್ರು ಬೇಕೇಬೇಕು ಎಂದಾದರೆ, ಅವನು ಯಾವ ಜನಾಂಗವನ್ನೂ ನೆನಪಿಸದ ಪಿಶಾಚಿಯಾಗಿರುವುದೇ ಮೇಲು. ಪಿಶಾಚಿಗೆ ತೊಟ್ಟಿಲಿನ ಕೂಸಿರುವುದಿಲ್ಲ. ಒಪ್ಪೋಣ. ಆದರೆ ನೋಲ್ ನಿನ್ನೆಯವರೆಗೂ ಗುಹೆಯಲ್ಲಿ ಸಂಸಾರ ಹೂಡಿದ್ದ, ಮಾತಾಡುತ್ತಿದ್ದ. ಮರಿಯ ಪ್ರಶ್ನೆಗೆ ಉತ್ತರ ಕೊಡುವ ಬದಲು ಮರಿಯನ್ನೇ ಪುಟದಿಂದ ತೆಗೆದಂತಾಯಿತು. ಓರ್ಕ್‌ಗಾಗಿ ಗೆರೆಯನ್ನು ಅಳಿಸಲಿಲ್ಲ, ಸ್ವಲ್ಪ ಆಚೆಗೆ ಸರಿಸಿದರು. ಸರಿಸಿದ ಗೆರೆಯ ಹೊರಗೆ ನೋಲ್ ಉಳಿದ.

ಹೀಗೆ ಸರಿಸುವ ಕೆಲಸ ನಮಗೆ ಹೊಸದಲ್ಲ. 1977ರ ಮಾನ್‌ಸ್ಟರ್ ಮ್ಯಾನುಯಲ್‌ನಲ್ಲಿ ನಮ್ಮ ರಾಕ್ಷಸನೂ ಇದ್ದಾನೆ: ಹುಲಿಯ ತಲೆ, ಮೈಮೇಲೆ ನಿಲುವಂಗಿ, ಕೈಯಲ್ಲಿ ಹೊಗೆಕೊಳವೆ. ನಾವು ನಂಬುವವರ ರೂಪದಲ್ಲಿ ಬಂದು ತಿನ್ನುವ ಈ ರಾಕ್ಷಸ, ಮಂತ್ರಿಸಿದ ಅಡ್ಡಬಿಲ್ಲಿನ ಬಾಣಕ್ಕೆ ಸಾಯುತ್ತಾನೆ. ವಾಲ್ಮೀಕಿಯಲ್ಲಿ ಇಲ್ಲದ ಈ ಬಾಣ ಬಂದದ್ದು 1974ರ ಕೊನೆಯಲ್ಲಿ ಅಮೆರಿಕದಲ್ಲಿ ಪ್ರಸಾರವಾದ ‘ಕೋಲ್ಚಾಕ್’ ಎಂಬ ಟೀವಿ ಧಾರಾವಾಹಿಯ ಒಂದು ಕಂತಿನಿಂದ. ಇಂದು ಅವನೂ ಫೀಂಡ್. ಆದರೆ ಅಮರಕೋಶ ರಾಕ್ಷಸರನ್ನು ವಿದ್ಯಾಧರ, ಯಕ್ಷ, ಗಂಧರ್ವ, ಕಿನ್ನರರ ಜೊತೆ ಹತ್ತು ದೇವಯೋನಿಗಳಲ್ಲಿ ಎಣಿಸುತ್ತದೆ. ಜೈನ ಕವಿಗಳು ಇನ್ನೂ ಮುಂದೆ ಹೋದರು. ಪ್ರಾಕೃತದ ವಿಮಲಸೂರಿಯಿಂದ ಬಂದ ಆ ಪರಂಪರೆಯಲ್ಲಿ ರಾಕ್ಷಸ ಎಂಬುದು ವಿದ್ಯಾಧರರ ಒಂದು ವಂಶದ ಹೆಸರು. ವಾನರರೆಂದರೆ ಕಪಿಯ ಲಾಂಛನ ಹೊತ್ತವರು, ಬಾಲವಿರುವವರಲ್ಲ. ರಾವಣನ ಹತ್ತು ತಲೆಗಳು ಕೊರಳ ಹಾರದ ರತ್ನಗಳಲ್ಲಿ ಮೂಡಿದ ಮುಖದ ಪ್ರತಿಬಿಂಬಗಳು. ಸುಮಾರು 1100ರ ಹೊತ್ತಿಗೆ ನಾಗಚಂದ್ರ ‘ರಾಮಚಂದ್ರಚರಿತ ಪುರಾಣ’ವನ್ನು ಕನ್ನಡದಲ್ಲಿ ಬರೆದಾಗ, ಅವನ ರಾವಣ ಒಂದು ತಪ್ಪಿನಿಂದ ಕೆಟ್ಟು ಪಶ್ಚಾತ್ತಾಪ ಪಡಬಲ್ಲವನಾದ. ಪಶ್ಚಾತ್ತಾಪ ಪಡಬಲ್ಲವನನ್ನು ಕೊಲ್ಲುವುದು ಓದುಗನಿಗೆ ಸುಲಭವಲ್ಲ. ವರ್ಗ ಬದಲಿಸಿದ ಕವಿಗಳು ಯುದ್ಧವನ್ನು ಕೈಬಿಡಲಿಲ್ಲ. ಸಾವಿಗೆ ತೂಕ ತಂದರು.

ನೋಲ್‌ಗೆ ನಾಗಚಂದ್ರನಂಥ ಕವಿ ಇನ್ನೂ ಸಿಕ್ಕಿಲ್ಲ. ಅವತ್ತಿನ ಜಗಳ ಮುಗಿದದ್ದು ದಾಳದಿಂದ. ಮಾಸ್ಟರ್ ಬೇಸರದಲ್ಲಿ, ‘ಆಯ್ತು, ಹಳೇ ಪುಸ್ತಕದ ಪ್ರಕಾರವೇ ಹಾಕು’ ಎಂದ. ದಾಳ ಅವಳ ಕಡೆ ಬಿತ್ತು, ನೋಲ್ ಕೊಡಲಿ ಇಳಿಸಿದ. ಅವಳು ಕೇಳಿದ ಮೊದಲ ಪ್ರಶ್ನೆ: ‘ನಿನ್ನ ಹೆಸರೇನು?’

ಮಾಸ್ಟರ್ ಎರಡೂ ಪುಸ್ತಕ ತಿರುವಿದ. ಹೆಸರಿಗೆ ಕಾಲಂ ಇರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ‘ತಡಿ, ಅವನು ಹೇಳ್ತಾನೆ’ ಎಂದ.